ಶಿರಸಿ ಕಡೆ ಹಿತ್ತಲಲ್ಲಿ ರಾಸ್ಬೆರಿ ಬೆಳೆದು ಹಣ್ಣು ತಿಂದವರು ಯಾರಾದರೂ ಇದ್ದೀರಾ?

ದಿಬ್ಬದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ದಿಬ್ಬ, ದಿಬ್ಬದ ಮೇಲೆ ನಾವು. ತಂಗಿ ಸ್ಕಾಟ್ಲೆಂಡಿನಲ್ಲಿದ್ದಾಳೆ. ಹೋದ ವರ್ಷ ರಜೆಗೆ ಮಗಳನ್ನು ಕರೆದುಕೊಂಡು ಬಂದಿದ್ದಳು. ಆ ಏಳು ವರ್ಷದ ಹುಡುಗಿ ಹಿತ್ತಲೆಲ್ಲ ತಿರುಗಿ, ಪೇರಲೆ, ಚಿಕ್ಕು, ನೇರಳೆ ಎಲ್ಲ ನೋಡಿ ಮುಗಿಸಿ, ಕಡೆಗೆ ಕೇಳಿದ್ದು "ದೊಡ್ಡಮ್ಮ, ನಿಮ್ಮಲ್ಲಿ ರಾಸ್ಬೆರಿ ಇಲ್ವಾ?" ಅಂತ. ಅಲ್ಲಿ ಅವರ ಮನೆ ಬೇಲಿಯಲ್ಲೇ ಬಿಡುತ್ತದಂತೆ. ಕಿತ್ತು ಕಿತ್ತು ಹತ್ತೂ ಬೆರಳಿಗೆ ಟೊಪ್ಪಿ ಹಾಗೆ ಸಿಕ್ಕಿಸಿಕೊಂಡು ಒಂದೊಂದಾಗಿ ತಿನ್ನುತ್ತಾಳಂತೆ. ಮುಂದಿನ ಸಲ ಬರುವಾಗ ಇರುತ್ತದೆ ನೋಡು ಅಂತ ನಾನು ಸುಮ್ನೆ ಬಾಯಿ ಬಿಟ್ಟೆ. ಈಗ ಅದೇ ತಲೆನೋವು.

ಜೂನ್ ಮೊದಲ ವಾರ ಆನ್‌ಲೈನ್‌ನಲ್ಲಿ ಮೂರು ಗಿಡ ತರಿಸಿದೆ, ಒಂದಕ್ಕೆ 350 ರೂಪಾಯಿ. "ಕೆಂಪು ರಾಸ್ಬೆರಿ, ಎಲ್ಲಾ ಹವೆಗೂ ಒಗ್ಗುತ್ತದೆ, ಆರು ತಿಂಗಳಲ್ಲಿ ಹಣ್ಣು" ಅಂತ ಬರೆದಿದ್ದರು. ಬಾವಿಯ ಪಕ್ಕ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಹಾಕಿ, ಅಡಿಕೆ ಸಸಿ ನೆಟ್ಟ ಹಾಗೇ ನೆಟ್ಟೆ. ಪುಷ್ಯ ಮಳೆ ಹೊಡೆಯುವಾಗ ಒಂದು ಗಿಡ ಬುಡದಿಂದ ಕಪ್ಪಾಗಿ ಸತ್ತಿತು. ಎರಡನೆಯದು ಬದುಕಿದೆ, ಮುಳ್ಳಿದೆ, ಈಗ ನಾಲ್ಕು ಅಡಿ ಎತ್ತರ, ಆದರೆ ಹೂವಿನ ಸುದ್ದಿಯೇ ಇಲ್ಲ. ಮೂರನೆಯದು ಭರ್ಜರಿಯಾಗಿ ಬಂದಿದೆ. ಅಗಲ ಎಲೆ, ಮುಳ್ಳೇ ಇಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಏನೋ ಅನುಮಾನ.

ಬಾಕಿ ಇರುವ ಈ ಎರಡರಲ್ಲಿ ಹಣ್ಣು ಬರಬಹುದಾ? ಇಲ್ಲ ಅಂದರೆ ಯಾವ ತಳಿ ತರಬೇಕು? ತಂಗಿಗೆ ಅಲ್ಲಿಂದಲೇ ಎರಡು ಕಡ್ಡಿ ತರಲು ಹೇಳಲಾ? ಬೆಳೆದವರು ಹೇಳಿ. ಯೂಟ್ಯೂಬ್ ನೋಡಿ ಹೇಳುವವರು ಬೇಡ, ಅದನ್ನು ನಾನೇ ನೋಡಿ ಆಗಿದೆ.

ಕೋಡಿಬಾಗ್ ಕಾಕಾ, ಕಾರವಾರ

ತಂಗೀ, ಬೆಳೆದವರು ಹೇಳಿ ಅಂದೆ ನೋಡು, ಹಾಗಾಗಿ ಬರೆಯುತ್ತಿದ್ದೇನೆ. ನಾನು ಕಾರವಾರದಲ್ಲಿ ಮೂರು ವರ್ಷ ಈ ಹುಚ್ಚು ಹಚ್ಚಿಕೊಂಡಿದ್ದೆ. ಒಟ್ಟು ಸಿಕ್ಕಿದ್ದು ಹನ್ನೊಂದು ಹಣ್ಣು. ಲೆಕ್ಕ ಇಟ್ಟಿದ್ದೇನೆ.

ನಮ್ಮ ಮನೆ ಸಮುದ್ರಕ್ಕೆ ಹತ್ತಿರ, ನೆಲ ಮರಳು, ಗಾಳಿಯಲ್ಲಿ ಉಪ್ಪು. ಅದಕ್ಕೇ ಕುಂಡದಲ್ಲಿ ಇಟ್ಟೆ. ಮೊದಲ ವರ್ಷ ಬರೀ ಎಲೆ. ಎರಡನೇ ವರ್ಷವೂ ಎಲೆ. ಆಮೇಲೆ ಎಲ್ಲೋ ಓದಿದೆ: ಈ ಗಿಡಕ್ಕೆ ಚಳಿಗಾಲದಲ್ಲಿ ನಿದ್ದೆ ಬೇಕು. ಥಂಡಿ ಸಾಕಷ್ಟು ತಾಗದೆ ಇದ್ದರೆ ಹೂವಿನ ಮೊಗ್ಗು ಏಳುವುದೇ ಇಲ್ಲ. ಕಾರವಾರದಲ್ಲಿ ಥಂಡಿ ಎಲ್ಲಿಂದ ತರಲಿ? ಜನವರಿಯಲ್ಲೂ ನಾವು ಫ್ಯಾನ್ ಹಾಕಿ ಮಲಗುವವರು. ಹಳೇ ಫ್ರಿಜ್ ಒಂದು ಹಿಂದಿನ ಪಡಸಾಲೆಯಲ್ಲಿ ಇತ್ತು. ಡಿಸೆಂಬರಿನಲ್ಲಿ ಗಿಡ ಕಿತ್ತು, ಮಣ್ಣು ತೊಳೆದು, ಉಳಿದ ಎಲೆ ಕೈಯಿಂದಲೇ ಕಿತ್ತು ಹಾಕಿ, ಬೇರಿಗೆ ಒದ್ದೆ ಪೇಪರ್ ಸುತ್ತಿ, ಕಡ್ಡಿ ಸಮೇತ ಫ್ರಿಜ್ಜಿನಲ್ಲಿ ಮಲಗಿಸಿದೆ. ಪೂರಾ ಆರು ವಾರ, 4 ಡಿಗ್ರಿ. ಮನೆಯವಳು ಬಾಗಿಲು ತೆಗೆದಾಗೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬಂದ ನೆಂಟರಿಗೆಲ್ಲ "ಇವರು ಕಟ್ಟಿಗೆ ಥಂಡಿ ಮಾಡಿ ಇಟ್ಟಿದ್ದಾರೆ" ಅಂತ ತೋರಿಸುವುದು ಬೇರೆ.

ಆದರೆ ಕೇಳು, ಹೂ ಬಂತು! ಫೆಬ್ರುವರಿಯಲ್ಲಿ ತೆಗೆದು ನೆಟ್ಟೆ, ಮಾರ್ಚ್ ಕೊನೆಗೆ ಬಿಳಿ ಬಿಳಿ ಸಣ್ಣ ಹೂ. ಹಣ್ಣೂ ಬಂತು, ಹನ್ನೊಂದು. ಏಪ್ರಿಲ್ ಸೆಕೆಗೆ ಎಲ್ಲ ಕಡಲೆಕಾಳಿನಷ್ಟು ಆಗಿ ನಿಂತವು. ಮುಟ್ಟಿದರೆ ಪುಡಿ ಪುಡಿ ಉದುರುತ್ತಿತ್ತು, ಬಿಸಿಲು ಬಿದ್ದ ಕಡೆ ಬಣ್ಣವೇ ಇಲ್ಲ, ಬೆಳ್ಳಗೆ. ರುಚಿ ಹುಳಿ. ಅಷ್ಟೇ ಕಥೆ. ಜೂನಿನಲ್ಲಿ ಮಳೆ ಬಂತು, ಗಿಡ ಹೋಯಿತು.

ಕರಾವಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ದುಡ್ಡು ಹಾಕಬೇಡಿ. ಶಿರಸಿಯಲ್ಲಿ ನಿಮ್ಮದು ಘಟ್ಟದ ಮೇಲೆ, ನಮಗಿಂತ ಸ್ವಲ್ಪ ತಂಪು. ನಿಮ್ಮ ಹಣೆಬರಹ ನೋಡಿಕೊಳ್ಳಿ.

ಬೆಟ್ಟದ ಅಂಚು, ಸಿದ್ದಾಪುರ

ಕಾಕಾ, ಫ್ರಿಜ್ ಕಥೆ ಓದಿ ನಗು ತಡೆಯಲಾಗಲಿಲ್ಲ. ಆದರೆ ನೀವು ಮಾಡಿದ್ದು ಹುಚ್ಚಲ್ಲ. ಮೊರಾಕ್ಕೊ, ಸ್ಪೇನ್, ಪೋರ್ಚುಗಲ್ ಕಡೆ ರಾಸ್ಬೆರಿ ಬೆಳೆಯುವವರು ಎಷ್ಟೋ ಕಡೆ ಮಾಡುವುದು ಇದೇ ಕೆಲಸ. ತಂಪು ಸೀಮೆಯಲ್ಲಿ ಬೆಳೆದ ಕೋಲುಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ಬೇಕಾದಾಗ ತಂದು ನೆಟ್ಟು ಹಣ್ಣು ತೆಗೆಯುತ್ತಾರೆ. ನಿಮ್ಮ ಆರು ವಾರ ಅಂದರೆ ಸಾವಿರ ಗಂಟೆ ಆಯಿತು. ಮಾಮೂಲಿ ಕೆಂಪು ರಾಸ್ಬೆರಿ ತಳಿಗಳು ಕೇಳುವುದೂ ಸುಮಾರು ಅಷ್ಟೇ, 7 ಡಿಗ್ರಿಗಿಂತ ಕೆಳಗೆ 800 ಗಂಟೆಯಿಂದ ಮೇಲೆ. ನೀವು ಸೋತಿದ್ದು ಥಂಡಿಯಲ್ಲಿ ಅಲ್ಲ, ಆಮೇಲಿನ ಸೆಕೆಯಲ್ಲಿ. ಒಂದು ರಾಸ್ಬೆರಿ ಅಂದರೆ ಒಂದು ಹಣ್ಣಲ್ಲ, ಹತ್ತಾರು ಪುಟಾಣಿ ಹಣ್ಣುಗಳು ಒತ್ತಾಗಿ ಅಂಟಿಕೊಂಡ ಗೊಂಚಲು. ಪ್ರತಿ ಗುಳಿಗೆಗೂ ಬೇರೆ ಬೇರೆ ಪರಾಗ ಸೇರಬೇಕು. ಸೆಕೆ ಜಾಸ್ತಿಯಾದರೆ ಅರ್ಧಕ್ಕರ್ಧ ಕಟ್ಟುವುದಿಲ್ಲ, ಆಗಲೇ ಪುಡಿ ಪುಡಿ ಆಗುವುದು.

ದಿಬ್ಬದಮನೆ ಅಕ್ಕ, ಈಗ ನಿಮ್ಮ ವಿಷಯ. 800 ಗಂಟೆ ಅಂದರೆ ಹಗಲು ರಾತ್ರಿ ಸೇರಿ 33 ದಿನ. ನಮ್ಮ ಅಂಗಳದಲ್ಲಿ ತೂಗುಹಾಕಿದ ಥರ್ಮಾಮೀಟರ್ ಹೋದ ಜನವರಿಯಲ್ಲಿ ಬೆಳಗಿನ ಜಾವ ತೋರಿಸಿದ ಅತಿ ಕಡಿಮೆ 13. ಏಳಕ್ಕಿಂತ ಕೆಳಗೆ ಒಂದು ಗಂಟೆಯೂ ಇಲ್ಲ, 33 ದಿನ ದೂರದ ಮಾತು. ಶಿರಸಿ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು, ಅಷ್ಟು ಎತ್ತರ ಇದಕ್ಕೆ ಸಾಲುವುದಿಲ್ಲ. ತಂಗಿಯ ಮನೆ ಬೇಲಿಯಲ್ಲಿರುವುದು ಬಹುಶಃ ಬೇಸಿಗೆಯಲ್ಲಿ ಹಣ್ಣು ಕೊಡುವ ಜಾತಿ. ಅಂಥವು ಈ ವರ್ಷ ಚಿಗುರಿದ ಕೋಲಿನಲ್ಲಿ ಈ ವರ್ಷ ಹಣ್ಣು ಬಿಡುವುದಿಲ್ಲ. ಕೋಲು ಒಂದು ಚಳಿಗಾಲ ಕಳೆದು ಎರಡನೇ ವರ್ಷಕ್ಕೆ ಹೂ ಬಿಟ್ಟು, ಹಣ್ಣು ಕೊಟ್ಟು, ಸಾಯುತ್ತದೆ. ಬೇರು ಮಾತ್ರ ಉಳಿದು ಹೊಸ ಕೋಲು ಕಳಿಸುತ್ತದೆ. ನಡುವೆ ಆ ಚಳಿಗಾಲ ಇಲ್ಲದಿದ್ದರೆ ಸರಪಳಿ ಅಲ್ಲೇ ತುಂಡು. ಅಲ್ಲಿಂದ ಕಡ್ಡಿ ತರಿಸಿ ಏನೂ ಉಪಯೋಗ ಇಲ್ಲ. ಅಲ್ಲದೆ ಹೊರದೇಶದಿಂದ ನೆಡುವ ಗಿಡ ತರಲು ಆಮದು ಪರವಾನಗಿ ಬೇಕು. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಇಟ್ಟು ತರುವ ಉಪಾಯ ಬೇಡವೇ ಬೇಡ.

ಇನ್ನೊಂದು ಗುಂಪು ಇದೆ. ಅದು ಅದೇ ವರ್ಷದ ಕೋಲಿನ ತುದಿಯಲ್ಲೇ ಹಣ್ಣು ಬಿಡುತ್ತದೆ. 'ಹೆರಿಟೇಜ್' ಅನ್ನುವ ತಳಿ ಇದರಲ್ಲಿ ಹಳಬ, 1969ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹೊರತಂದದ್ದು. ಇದಕ್ಕೆ ಥಂಡಿಯ ಹಂಗು ಕಡಿಮೆ. ನಮ್ಮ ಕಡೆ ಪ್ರಯತ್ನ ಮಾಡಲೇಬೇಕು ಅನ್ನುವವರು ಈ ಗುಂಪಿನದೇ ಗಿಡ ಹುಡುಕಬೇಕು, ಬೇರೆ ಯಾವುದೂ ಬೇಡ. ನಿಮ್ಮ ಎರಡನೇ ಗಿಡ ಯಾವ ಗುಂಪಿನದು ಅಂತ ಎಲೆ ನೋಡಿ ಹೇಳಲು ಬರುವುದಿಲ್ಲ. ಡಿಸೆಂಬರ್ ಒಳಗೆ ಕೋಲಿನ ತುದಿಯಲ್ಲಿ ಮೊಗ್ಗು ಕಂಡರೆ ನೀವು ಪುಣ್ಯವಂತರು.

ಮೂರನೆಯದರ ಎಲೆ ಒಂದು ಕಿತ್ತು ನೋಡಿ. ತೊಟ್ಟಿನಲ್ಲಿ ಹಾಲು ಬಂದರೆ ಅದು ಹಿಪ್ಪುನೇರಳೆ. ರಾಸ್ಬೆರಿ ಎಲೆ ಒಂದೇ ಅಗಲ ಎಲೆಯಲ್ಲ, ಮೂರೋ ಐದೋ ಎಲೆ ಸೇರಿ ಒಂದು, ಗುಲಾಬಿ ಹಾಗೆ. ಹಿಂಬದಿ ಬೂದಿ ಬಳಿದ ಹಾಗೆ ಬೆಳ್ಳಗೆ. ಹಾಲು ಬರುವುದಿಲ್ಲ.

ಸತ್ತ ಗಿಡದ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ಕಡೆ ನಿಜವಾಗಿ ಗಿಡ ಕೊಲ್ಲುವುದು ಇದೇ. ಅಡಿಕೆ ಸಸಿ ನೆಟ್ಟ ಹಾಗೆ ನೆಟ್ಟೆ ಅಂದಿರಿ. ತಪ್ಪಾಗಿದ್ದು ಅಲ್ಲೇ. ನಮ್ಮ ಮಳೆಯಲ್ಲಿ ಗುಂಡಿ ಅಂದರೆ ಬಾವಿ. ಅಡಿಕೆಗೆ ಕೊಳೆ ತರುವುದು ಫೈಟಾಫ್ತೊರ ಅನ್ನುವ ಜೀವಿ, ಮೆಣಸಿನ ಬಳ್ಳಿಯನ್ನು ಒಂದೇ ವಾರದಲ್ಲಿ ಸೊರಗಿಸುವುದು ಅದರ ದಾಯಾದಿ, ರಾಸ್ಬೆರಿ ಬೇರು ಕೊಳೆಸುವುದೂ ಅದೇ ಕುಲದ ಇನ್ನೊಬ್ಬ. ಮೂವರಿಗೂ ಬೇಕಾದದ್ದು ಸದಾ ಒದ್ದೆ, ಬೇರಿಗೆ ಬೀಳುವವರಿಗಂತೂ ನಿಂತ ನೀರು. ಮೆಣಸು ಸತ್ತ ಜಾಗದಲ್ಲಿ ರಾಸ್ಬೆರಿ ಬದುಕುತ್ತದೆ ಅಂತ ನಾನಂತೂ ನಂಬುವುದಿಲ್ಲ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರೆ ಎಲೆಗೆ ಅಷ್ಟಿಷ್ಟು ರಕ್ಷಣೆ ಸಿಗಬಹುದು, ನೀರಲ್ಲಿ ಮುಳುಗಿದ ಬೇರಿಗೆ ಅದರಿಂದ ಏನೂ ಆಗದು.

ನಾನಾಗಿದ್ದರೆ 20 ಲೀಟರ್ ಪೇಂಟ್ ಡಬ್ಬಿಗೆ ಅಡಿಯಲ್ಲೂ ಬದಿಯಲ್ಲೂ ತೂತು ಕೊರೆದು, ಕೆಂಪು ಮಣ್ಣು, ಮರಳು, ಹಳೇ ಗೊಬ್ಬರ ಸೇರಿಸಿ ತುಂಬಿ, ಮೇಲೆ ದರಕು (ಒಣ ಎಲೆ) ಹೊದಿಸುತ್ತಿದ್ದೆ. ನಮ್ಮ ಮಣ್ಣು ಹುಳಿ ಮಣ್ಣು. ಈ ಗಿಡಕ್ಕೂ 5.5ರಿಂದ 6.5 ಪಿಎಚ್ ಇಷ್ಟ, ಹಾಗಾಗಿ ಒಂದು ಹಿಡಿ ಸುಣ್ಣ ಸಾಕು. ಮಳೆಗಾಲದಲ್ಲಿ ಡಬ್ಬಿಗಳನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯೊಳಗೆ ಎಳೆದಿಡಿ. ಕೊಯ್ಲು ಮುಗಿದ ಮೇಲೆ ದೀಪಾವಳಿಯವರೆಗೆ ಅದು ಖಾಲಿ ಬಿದ್ದಿರುತ್ತದೆ, ಅಲ್ವಾ? ಎರಡೂ ಬದಿ ಪ್ಲಾಸ್ಟಿಕ್ ಮೇಲಕ್ಕೆ ಸುತ್ತಿ ಗಾಳಿ ಆಡಿಸಬೇಕು, ಇಲ್ಲದಿದ್ದರೆ ಒಳಗೆ ಬೆಂದು ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ಬಟ್ಟಲು ಹಣ್ಣು ಸಿಕ್ಕರೆ ಜಾಸ್ತಿ. ಮಳೆಗೆ ಉಪಾಯ ಇದೆ, ಥಂಡಿಗೆ ಇಲ್ಲ.

ದಿಬ್ಬದಮನೆ, ಶಿರಸಿ

ಎಲೆ ಕಿತ್ತೆ. ಹಾಲು ಬಂತು. 350 ರೂಪಾಯಿ ಕೊಟ್ಟು ಹಿಪ್ಪುನೇರಳೆ ತಂದಿದ್ದೇನೆ! ಪಕ್ಕದ ಮನೆಯವರ ಬೇಲಿಯಲ್ಲೇ ಅದು ಇದೆ, ಕೇಳಿದ್ದರೆ ಸುಮ್ನೆ ಒಂದು ಗೂಟ ಕಡಿದು ಕೊಡುತ್ತಿದ್ದರು. ಮಾರಿದವರಿಗೆ ಫೋಟೋ ಕಳಿಸಿ ಕೇಳಿದೆ, "ಮೇಡಂ, ದೊಡ್ಡದಾದ ಮೇಲೆ ಮುಳ್ಳು ಬರುತ್ತೆ" ಅಂದರು.

ಮತ್ತೆ ಸತ್ತ ಗಿಡದ ಗುಂಡಿ ಅಗೆದು ನೋಡಿದೆ. ಈಗಲೂ ತಳದಲ್ಲಿ ಒಂದು ಗೇಣು ನೀರು. ನೀವು ಹೇಳಿದ್ದು ಸರಿ.

ಕೋಡಿಬಾಗ್ ಕಾಕಾ, ಕಾರವಾರ

ಮುಳ್ಳು ಬರುತ್ತೆ ಅಂದರಾ! ಬಾಲವೂ ಬರುತ್ತಾ ಕೇಳಬೇಕಿತ್ತು. ಅಂಥವರೇ ನೀಲಿ ರಾಸ್ಬೆರಿ ಬೀಜ ಅಂತಲೂ ಮಾರುತ್ತಾರೆ, ಹುಷಾರು. ನೀಲಿ ರಾಸ್ಬೆರಿ ಅನ್ನುವುದು ಐಸ್‌ಕ್ಯಾಂಡಿಗೆ ಹಾಕುವ ಬಣ್ಣ ಮತ್ತು ಎಸೆನ್ಸು ಅಷ್ಟೇ, ಅಂಥ ಗಿಡ ಭೂಮಿ ಮೇಲೆ ಇಲ್ಲ. ಕೆಂಪಿನ ನಿಜವಾದ ಬೀಜವೇ ಸಿಕ್ಕಿದರೂ ಥಂಡಿಯಲ್ಲಿ ತಿಂಗಳುಗಟ್ಟಲೆ ಇಡದೆ ಸರಿಯಾಗಿ ಮೊಳೆಯುವುದಿಲ್ಲ. ನಮ್ಮ ಫ್ರಿಜ್ ಈಗ ಗುಜರಿಗೆ ಹೋಗಿದೆ.

ಹಿಪ್ಪುನೇರಳೆ ಕಡಿಯಬೇಡ ಮತ್ತೆ. ಒಳ್ಳೇ ಹಣ್ಣು, ಮಕ್ಕಳಿಗೆ ಇಷ್ಟ.

ಅಂಕೋಲಾ ಹುಡುಗ

ಒಂದು ಮಾತು ಹೇಳಲಾ, ಯಾರೂ ಬೇಜಾರು ಮಾಡ್ಕೋಬೇಡಿ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಆದರೂ ನಮ್ಮೂರಲ್ಲೇ ಎಷ್ಟೋ ಜನ ಹಳೇ ಈಶಾಡ ಮರ ಕಡಿದು ಮನೆ ಕಟ್ಟುತ್ತಿದ್ದಾರೆ. ಮುರುಗಲು, ಕವಳಿ, ಬಿಕ್ಕೆ ಹಣ್ಣು ಈಗಿನ ಮಕ್ಕಳಿಗೆ ಹೆಸರೂ ಗೊತ್ತಿಲ್ಲ. ಸ್ಕಾಟ್ಲೆಂಡಿನಿಂದ ಬರುವ ಹುಡುಗಿಗೆ ಸ್ಕಾಟ್ಲೆಂಡಿನ ಹಣ್ಣೇ ಯಾಕೆ ಕೊಡಬೇಕು? ಮೇ ತಿಂಗಳಲ್ಲಿ ಕರೆಸಿ, ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕವಳಿ ತಿನ್ನಿಸಿ. ನಾಲಿಗೆ ಅಂಟು ಅಂಟು ಆಗಲಿ, ನೆನಪಿರುತ್ತದೆ.

ಬೆಟ್ಟದ ಅಂಚು, ಸಿದ್ದಾಪುರ

ತಮ್ಮ, ನೀನು ಹೇಳಿದ್ದು ಸರಿಯೇ, ಆದರೆ ಅವರು ಕೇಳಿದ್ದು ಅದಲ್ಲ. ಮಗುವಿಗೆ ಮಾತು ಕೊಟ್ಟಾಗಿದೆ.

ಮೂಡಿಗೆರೆ ಸೊಸೆ, ಸೋಂದಾ

ತಡವಾಗಿ ನೋಡಿದೆ. ಅಕ್ಕ, ನೀವು ನಮ್ಮ ಹತ್ತಿರದವರೇ. ಎಲ್ಲರೂ ಕೆಂಪು ಹಣ್ಣಿನ ಬೆನ್ನು ಹತ್ತಿದ್ದೀರಿ. ನಮ್ಮ ಘಟ್ಟದ್ದೇ ಒಂದು ರಾಸ್ಬೆರಿ ಇದೆ, ಅದರ ಸುದ್ದಿ ಯಾರೂ ಎತ್ತಲಿಲ್ಲ. ಅಂಕೋಲಾದ ತಮ್ಮನಿಗೂ ಇದು ಒಪ್ಪಿಗೆ ಆಗಬಹುದು.

ನನ್ನ ತವರು ಮೂಡಿಗೆರೆ ಕಡೆ. ಅಲ್ಲಿ ಗುಡ್ಡದ ಮೇಲೆ, ಕಾಫಿ ತೋಟದ ಅಂಚಿನಲ್ಲಿ ಮುಳ್ಳಿನ ಪೊದೆ ಬೆಳೆಯುತ್ತದೆ. ಕೋಲಿನ ಮೇಲೆ ಬಿಳಿ ಹಿಟ್ಟು ಸವರಿದ ಹಾಗೆ ಇರುತ್ತದೆ, ಬೆರಳಿಂದ ಉಜ್ಜಿದರೆ ಹೋಗುತ್ತದೆ, ಒಳಗೆ ನೇರಳೆ ಬಣ್ಣ. ಹಣ್ಣು ಮೊದಲು ಕೆಂಪು, ಆಮೇಲೆ ಪೂರ್ತಿ ಕಪ್ಪು. ಚಿಕ್ಕವರಿದ್ದಾಗ ಶಾಲೆಯಿಂದ ಬರುವಾಗ ಲಂಗವೆಲ್ಲ ಹರಿದುಕೊಂಡು ತಿನ್ನುತ್ತಿದ್ದೆವು. ಇದರ ಶಾಸ್ತ್ರೀಯ ಹೆಸರು ರೂಬಸ್ ನೀವಿಯಸ್, ಹೊರಗಿನವರು ಕರೆಯುವುದು ಮೈಸೂರು ರಾಸ್ಬೆರಿ ಅಂತಲೇ! ಅಮೆರಿಕದ ಫ್ಲಾರಿಡಾದಲ್ಲಿ ಕೆಂಪು ರಾಸ್ಬೆರಿ ಸೆಕೆಗೆ ಬರುವುದಿಲ್ಲ ಅಂತ ಜನ ಹಿತ್ತಲಲ್ಲಿ ಇದನ್ನು ಬೆಳೆಸುತ್ತಾರೆ. ಇದಕ್ಕೆ ಆ ಥರದ ಚಳಿ ಬೇಕಿಲ್ಲ, ಹಿಮ ಬಿದ್ದರೇ ಇದಕ್ಕೆ ತೊಂದರೆ.

ಐದು ವರ್ಷದ ಹಿಂದೆ ತವರಿನಿಂದ ಒಂದು ಬುಡ ತಂದು ಸೋಂದಾದ ಮನೆ ಹಿಂದೆ ನೆಟ್ಟೆ. ಮೊದಲ ವರ್ಷ ಕೋಲು ಮಾತ್ರ. ಎರಡನೇ ವರ್ಷದಿಂದ ಶಿವರಾತ್ರಿ ಹೊತ್ತಿಗೆ ಗುಲಾಬಿ ಬಣ್ಣದ ಸಣ್ಣ ಹೂ, ಏಪ್ರಿಲ್ ಮೇನಲ್ಲಿ ಹಣ್ಣು. ಬೆಟ್ಟದ ಅಂಚು ಅಣ್ಣ ಹೇಳಿದ ಹಾಗೆ ನೀರು ನಿಲ್ಲದ ಜಾಗ ಮುಖ್ಯ. ನಾನು ಚಿರೆಕಲ್ಲು ಮೂರು ಸಾಲು ಜೋಡಿಸಿ ಕಟ್ಟೆ ಮಾಡಿ ಅದರ ಮೇಲೆ ನೆಟ್ಟಿದ್ದೇನೆ. ಬೆಳಗಿನ ಬಿಸಿಲು, ಮಧ್ಯಾಹ್ನ ಹಲಸಿನ ಮರದ ನೆರಳು. ಎರಡು ಗೂಟ ಹುಗಿದು, ಸೊಂಟದೆತ್ತರಕ್ಕೆ ಒಂದು, ಎದೆಯೆತ್ತರಕ್ಕೆ ಒಂದು ತಂತಿ ಎಳೆದು ಕೋಲುಗಳನ್ನು ಅದಕ್ಕೆ ಕಟ್ಟಿದ್ದೇನೆ. ಕಟ್ಟದಿದ್ದರೆ ಒಳಗೆ ಕೈ ಹಾಕಲು ಆಗುವುದಿಲ್ಲ, ಅಷ್ಟು ಕೊಕ್ಕೆ ಮುಳ್ಳು.

ಹಣ್ಣು ಮುಗಿದ ಕೋಲನ್ನು ಮಳೆ ಹಿಡಿಯುವ ಮೊದಲು ಬುಡಕ್ಕೆ ಕಡಿದು ಸುಟ್ಟುಬಿಡಬೇಕು. ಹೊಸ ಕೋಲುಗಳಲ್ಲಿ ಗಟ್ಟಿಯಾದ ಐದಾರು ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ಇದೊಂದು ಕೆಲಸದಲ್ಲಿ ಸೋಮಾರಿತನ ಮಾಡಬೇಡಿ, ಯಾಕೆಂದರೆ ಇದರ ಕೋಲು ಬಾಗಿ ತುದಿ ನೆಲಕ್ಕೆ ತಾಗಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡ ಆಗುತ್ತದೆ. ಹವಾಯಿ, ಗಲಾಪಗೋಸ್ ದ್ವೀಪಗಳಲ್ಲಿ ಇದು ಹೀಗೇ ಹಬ್ಬಿ ಅಲ್ಲಿಯ ಕಾಡಿಗೇ ಪಿಡುಗಾಗಿದೆ. ಇಲ್ಲಿ ಅದು ನಮ್ಮದೇ ಗಿಡ, ಅಷ್ಟು ಹೆದರಬೇಕಿಲ್ಲ. ಆದರೂ ಒಂದು ವರ್ಷ ನಾನು ಬಾಣಂತನಕ್ಕೆ ಅಂತ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ಕೊಟ್ಟಿಗೆ ದಾರಿ ಮುಚ್ಚಿಹೋಗಿತ್ತು. ನಮ್ಮನೆಯವರು ನಾಲ್ಕು ದಿನ ಕತ್ತಿ ಹಿಡಿದುಕೊಂಡು ನನಗೆ ಬೈದರು.

ಹಣ್ಣು ಎಷ್ಟು ಸಿಗುತ್ತದೆ ಅಂತ ಕೇಳಿದರೆ, ಜೋರು ಇರುವಾಗ ದಿನಕ್ಕೆ ಒಂದು ದೊಡ್ಡ ಲೋಟ. ಮುಕ್ಕಾಲು ಪಾಲು ಪಿಕಳಾರ ತಿನ್ನುತ್ತದೆ. ಹಳೇ ಸೊಳ್ಳೆಪರದೆ ಹೊದಿಸುತ್ತೇನೆ, ಆದರೆ ಹೂ ಇರುವಾಗ ಹೊದಿಸಬೇಡಿ, ಜೇನು ಬರಬೇಕು. ಮಂಗ ಮಾತ್ರ ಆಶ್ಚರ್ಯ, ಮುಳ್ಳಿಗೆ ಹೆದರಿಯೋ ಏನೋ, ಬಾಳೆ ಪೇರಲೆ ಎಲ್ಲ ಹಾಳು ಮಾಡಿ ಇದನ್ನು ಬಿಟ್ಟು ಹೋಗುತ್ತದೆ. ರುಚಿ ಕೆಂಪಿನಷ್ಟು ಘಮ ಇಲ್ಲ ಅನ್ನುತ್ತಾರೆ ಎರಡೂ ತಿಂದವರು, ಸಿಹಿ ಇದೆ, ಬೀಜ ಜಾಸ್ತಿ. ಉಳಿದದ್ದಕ್ಕೆ ಸಕ್ಕರೆ ಹಾಕಿ ಕಾಯಿಸಿ, ಸೋಸಿ ಇಟ್ಟರೆ ದೋಸೆಗೆ ಚೆನ್ನಾಗಿರುತ್ತದೆ. ಕಿತ್ತ ದಿನವೇ ಕಾಯಿಸಿ, ಮರುದಿನಕ್ಕೆ ಬೂಸ್ಟು ಹಿಡಿಯುತ್ತದೆ.

ದಿಬ್ಬದಮನೆ, ಶಿರಸಿ

ಅಯ್ಯೋ, ಇಷ್ಟು ಹತ್ತಿರದಲ್ಲಿ ಇತ್ತಾ! ಒಂದೇ ಪ್ರಶ್ನೆ, ನಗಬೇಡಿ. ಇದು ಬೆರಳಿಗೆ ಸಿಕ್ಕುತ್ತದಾ? ಒಳಗೆ ಟೊಳ್ಳು ಇರುತ್ತದಾ, ಅಥವಾ ಹಿಪ್ಪುನೇರಳೆ ಹಾಗೆ ಗಟ್ಟಿಯಾ? ಹುಡುಗಿಗೆ ಬೇಕಾಗಿರುವುದು ಅದೇ ಆಟ.

ಬೆಟ್ಟದ ಅಂಚು, ಸಿದ್ದಾಪುರ

ಟೊಳ್ಳೇ. ರಾಸ್ಬೆರಿ ಅನ್ನಿಸಿಕೊಳ್ಳುವುದೇ ಅದಕ್ಕೆ. ಕಿತ್ತಾಗ ನಡುವಿನ ಬಿಳಿ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಪ್ಪಿ ಹಾಗೆ ಕೈಗೆ ಬರುತ್ತದೆ. ಬ್ಲಾಕ್‌ಬೆರಿಯಲ್ಲಿ ದಿಂಡು ಹಣ್ಣಿನ ಜೊತೆಗೇ ಬರುತ್ತದೆ. ಎರಡನ್ನೂ ಗುರುತಿಸುವ ಸುಲಭ ದಾರಿ ಇದು.

ಎರಡನೇ ಗಿಡ ಕಿತ್ತು ಎಸೆಯಬೇಡಿ, ಡಬ್ಬಿಗೆ ಬದಲಿಸಿ ಇಟ್ಟು ನೋಡಿ. ಡಿಸೆಂಬರಿನಲ್ಲಿ ಏನಾದರೂ ಮೊಗ್ಗು ಬಂದರೆ ಇಲ್ಲೇ ತಿಳಿಸಿ.

ಮೂಡಿಗೆರೆ ಸೊಸೆ, ಸೋಂದಾ

ಸಿಕ್ಕುತ್ತದೆ, ಆದರೆ ಹಣ್ಣು ಸಣ್ಣದು. ನನ್ನ ಮೊಮ್ಮಗನ ಕಿರುಬೆರಳಿಗೆ ಸರಿಯಾಗುತ್ತದೆ, ಅವನಿಗೆ ಐದು ವರ್ಷ. ಏಳು ವರ್ಷದವಳಿಗೆ ಕಿರುಬೆರಳ ತುದಿಗೆ ನಿಲ್ಲಬಹುದು. ಬೆರಳೆಲ್ಲ ನೇರಳೆ ಬಣ್ಣ ಆಗುತ್ತದೆ, ಬಿಳಿ ಅಂಗಿ ಹಾಕಿಸಬೇಡಿ.

ಈಗ ನಾಲ್ಕು ತುದಿ ಬಗ್ಗಿಸಿ ಮಣ್ಣೊಳಗೆ ಒಂದು ಗೇಣು ಹುಗಿದು ಮೇಲೆ ಕಲ್ಲು ಹೇರುತ್ತೇನೆ. ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಟ್ಟಿರುತ್ತದೆ. ಆಗ ತಾಯಿ ಕೋಲಿನಿಂದ ಕತ್ತರಿಸಿ ಇಡುತ್ತೇನೆ, ಮಠದ ಕಡೆ ಬಂದಾಗ ಮನೆಗೆ ಬನ್ನಿ. ತಂಗಿಯ ಮಗಳು ಮುಂದಿನ ಮೇಗೆ ಬಂದರೆ ಹಣ್ಣು ಇರುವುದಿಲ್ಲ, ಅದರ ಮುಂದಿನ ಮೇಗೆ ಬರಲು ಹೇಳಿ. ಮೊದಲೇ ಬಂದರೆ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಗಿಡ ಒಯ್ಯಲು ದಪ್ಪ ಗೋಣಿಚೀಲ ತನ್ನಿ, ಪ್ಲಾಸ್ಟಿಕ್ ಕವರು ತಂದರೆ ಮುಳ್ಳಿಗೆ ಹರಿದು ಗಾಡಿ ಸೀಟೂ ಹರಿಯುತ್ತದೆ.